ಮೂರು ಮದ್ದಿಗೂ ಮಣಿಯದ ಒತ್ತಡ

ವೈದ್ಯಶಾಸ್ತ್ರದ ಪಟ್ಟಿಯಲ್ಲಿರುವ ಬಹುಪಾಲು ಕಾಯಿಲೆಗಳು ತಮ್ಮ ಮದ್ದಿಗಿಂತ ಎಷ್ಟೋ ಹಳೆಯವು. ಕ್ಷಯವಾಗಲಿ ಕುಷ್ಠವಾಗಲಿ ಔಷಧ ಸಿಗುವ ಸಾವಿರಾರು ವರ್ಷಗಳ ಮೊದಲೇ ಮನುಷ್ಯನನ್ನು ಕಾಡಿದ್ದವು. ಚಿಕಿತ್ಸೆಗೆ ಮಣಿಯದ ಅಧಿಕ ರಕ್ತದೊತ್ತಡವು ಈ ಕ್ರಮವನ್ನು ತಲೆಕೆಳಗು ಮಾಡಿದ ಕಾಯಿಲೆ. ಬೇರೆ ಬೇರೆ ವರ್ಗಗಳ ಮೂರು ಔಷಧಗಳನ್ನು ರೋಗಿ ತಾಳುವಷ್ಟು ಪೂರ್ಣ ಪ್ರಮಾಣದಲ್ಲಿ ಕೊಟ್ಟರೂ, ಅವುಗಳಲ್ಲೊಂದು ದೇಹದ ಉಪ್ಪು ನೀರನ್ನು ಮೂತ್ರದ ಮೂಲಕ ಹೊರಹಾಕುವ ಮೂತ್ರವರ್ಧಕವೇ ಆಗಿದ್ದರೂ, ಒತ್ತಡ ಗುರಿಗಿಂತ ಮೇಲೆಯೇ ನಿಂತರೆ ಅದನ್ನು ಈ ಹೆಸರಿನಿಂದ ಕರೆಯುತ್ತಾರೆ. ಗುರಿಯೊಳಗೆ ತರಲು ನಾಲ್ಕು ಅಥವಾ ಅದಕ್ಕಿಂತ ಹೆಚ್ಚು ಔಷಧಗಳು ಬೇಕಾದರೂ ಹೆಸರು ಅದೇ. ಹೀಗಿರುವಾಗ ಮೂರು ಔಷಧಗಳೇ ಇಲ್ಲದ ಕಾಲದಲ್ಲಿ ಈ ಕಾಯಿಲೆ ಇತ್ತೆಂದು ಹೇಳಲು ಬಾರದು, ಅಥವಾ ಆಗಿನ ರೋಗಿಗಳೆಲ್ಲರೂ ಇದೇ ಕಾಯಿಲೆಯವರೆಂದು ಹೇಳಬೇಕಾಗುತ್ತದೆ. ಇದು ಎಷ್ಟು ಜನರಲ್ಲಿದೆ ಎಂಬ ಪ್ರಶ್ನೆಗೆ ಕಳೆದ ಐವತ್ತು ವರ್ಷಗಳಲ್ಲಿ ಬಂದಿರುವ ಉತ್ತರಗಳು ಒಂದಕ್ಕೊಂದು ತಾಳೆಯಾಗದಿರುವುದಕ್ಕೆ ಕಾರಣವೂ ಇಲ್ಲಿಯೇ ಇದೆ: ಒತ್ತಡವನ್ನು ಅಳೆಯುವ ಪಟ್ಟಿ, ಇಳಿಸುವ ಮಾತ್ರೆ, ಇಳಿಯಬೇಕಾದ ಗುರಿ ಈ ಮೂರೂ ಕಾಲಕಾಲಕ್ಕೆ ಬದಲಾಗಿವೆ, ಮೂರರಲ್ಲಿ ಯಾವುದು ಬದಲಾದರೂ ಲೆಕ್ಕ ಬದಲಾಗಿದೆ.

ಅಳತೆಯ ಕಥೆ ಇಂಗ್ಲೆಂಡಿನ ಟೆಡಿಂಗ್ಟನ್ ಎಂಬ ಊರಿನ ಪಾದ್ರಿ ಸ್ಟೀಫನ್ ಹೇಲ್ಸ್‌ನಿಂದ ಆರಂಭವಾಗುತ್ತದೆ. ಕೆಡವಿ ಕಟ್ಟಿಹಾಕಿದ ಹೆಣ್ಣುಕುದುರೆಯೊಂದರ ತೊಡೆಯ ಅಪಧಮನಿಗೆ, ಅಂದರೆ ಹೃದಯದಿಂದ ರಕ್ತವನ್ನು ಹೊರಗೊಯ್ಯುವ ನಾಳಕ್ಕೆ, ಹಿತ್ತಾಳೆಯ ಕೊಳವೆ ಸೇರಿಸಿ, ಅದಕ್ಕೆ ಉದ್ದನೆಯ ಗಾಜಿನ ನಳಿಗೆ ಜೋಡಿಸಿದಾಗ ರಕ್ತವು ಹೃದಯದ ಮಟ್ಟದಿಂದ 8 ಅಡಿ 3 ಅಂಗುಲದವರೆಗೆ ಏರಿ ನಿಂತಿತೆಂದು ಅವನು 1733ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ದಾಖಲಿಸಿದ. ಮನುಷ್ಯರ ಮೇಲೆ ಪ್ರಯೋಗಿಸಬಹುದಾದ ವಿಧಾನ ಇದಲ್ಲವಾದ್ದರಿಂದ ಮುಂದಿನ ಒಂದೂವರೆ ಶತಮಾನ ವೈದ್ಯರು ಬೆರಳ ತುದಿಯನ್ನೇ ನಂಬಿದರು. ಲಂಡನ್ನಿನ ಗೈಸ್ ಆಸ್ಪತ್ರೆಯ ರಿಚರ್ಡ್ ಬ್ರೈಟ್ 1836ರ ವೇಳೆಗೆ ಮೂತ್ರಪಿಂಡ ಕೆಟ್ಟು ಸತ್ತವರಲ್ಲಿ ಹೃದಯ ಊದಿಕೊಂಡಿರುವುದನ್ನು ಗುರುತಿಸಿದ್ದ. ಒತ್ತಡಕ್ಕೂ ಮೂತ್ರಪಿಂಡಕ್ಕೂ ಇರುವ ನಂಟು ಅಂದಿನಿಂದ ಇಂದಿನವರೆಗೂ ಈ ಇತಿಹಾಸವನ್ನು ಬಿಟ್ಟುಹೋಗಿಲ್ಲ.

ಅದೇ ಗೈಸ್ ಆಸ್ಪತ್ರೆಯಲ್ಲಿ 1870ರ ದಶಕದಲ್ಲಿ ಕೆಲಸ ಮಾಡಿದ ಫ್ರೆಡರಿಕ್ ಅಕ್ಬರ್ ಮಹಮದ್‌ಗೆ ಸಲ್ಲಬೇಕಾದ ಸ್ಥಾನ ಬಹುಕಾಲ ಸಲ್ಲಲಿಲ್ಲ. ಪಾಟ್ನಾದಲ್ಲಿ ಹುಟ್ಟಿ, ಈಸ್ಟ್ ಇಂಡಿಯಾ ಕಂಪನಿಯ ಬಂಗಾಳ ಸೇನೆಯಲ್ಲಿದ್ದು, ಐರ್ಲೆಂಡಿನ ಮೂಲಕ ಇಂಗ್ಲೆಂಡ್ ಸೇರಿ, ಲಂಡನ್ನಿನಲ್ಲಿ 1810ರಲ್ಲಿ ಭಾರತೀಯ ಊಟದ ಮನೆಯನ್ನೂ ಅನಂತರ ಬ್ರೈಟನ್ನಿನಲ್ಲಿ ಸ್ನಾನಗೃಹವನ್ನೂ ತೆರೆದ ದೀನ್ ಮಹಮದ್‌ನ ಮೊಮ್ಮಗ ಇವನು. ವಿದ್ಯಾರ್ಥಿಯಾಗಿದ್ದಾಗಲೇ ನಾಡಿಲೇಖಕವೆಂಬ ಉಪಕರಣವನ್ನು ಇವನು ಸುಧಾರಿಸಿದ. ಮಣಿಕಟ್ಟಿಗೆ ಕಟ್ಟಿದ ಸಣ್ಣ ಸನ್ನೆಯೊಂದು ನಾಡಿಯ ಪ್ರತಿ ಬಡಿತಕ್ಕೂ ಏರಿಳಿದು, ಮಸಿ ಹಿಡಿಸಿದ ಕಾಗದದ ಮೇಲೆ ಅಲೆಯಂತೆ ಗೆರೆ ಕೊರೆಯುತ್ತಿತ್ತು, ಆ ಗೆರೆಯ ಏರು, ಚಪ್ಪಟೆ, ಇಳಿಜಾರುಗಳಿಂದ ನಾಳದೊಳಗಿನ ಬಿಗಿಯನ್ನು ಅಂದಾಜು ಮಾಡಬಹುದಿತ್ತು. ಮೂತ್ರದಲ್ಲಿ ಪ್ರೋಟೀನು ಕಾಣಿಸಿಕೊಳ್ಳುವ ಮೊದಲೇ, ಅಂದರೆ ಮೂತ್ರಪಿಂಡ ಕೆಟ್ಟಿರುವ ಗುರುತೇ ಇಲ್ಲದಿರುವಾಗಲೇ, ಒತ್ತಡ ಏರಿರುವ ಜನರಿದ್ದಾರೆ, ಅವರು ನೋಡುವುದಕ್ಕೆ ಆರೋಗ್ಯವಂತರಂತೆಯೇ ಓಡಾಡಿಕೊಂಡಿರುತ್ತಾರೆ ಎಂಬುದು ಅವನು ಕಂಡುಕೊಂಡ ಸತ್ಯ. ಇಂದು ಜಗತ್ತಿನ ಕೋಟ್ಯಂತರ ಬಿ.ಪಿ. ರೋಗಿಗಳು ಈ ಗುಂಪಿನವರೇ. ಊರೂರಿನ ವೈದ್ಯರಿಂದ ರೋಗಗಳ ವಿವರವನ್ನು ಒಂದೇ ನಮೂನೆಯಲ್ಲಿ ತರಿಸಿ ಒಟ್ಟುಗೂಡಿಸುವ ಬ್ರಿಟಿಷ್ ವೈದ್ಯಕೀಯ ಸಂಘದ ಯೋಜನೆಗೂ ಅವನೇ ದುಡಿದ. ರೋಗವನ್ನು ಎಣಿಸಬೇಕೆಂಬ ಹಂಬಲ, ಅಳೆಯಬೇಕೆಂಬ ಹಂಬಲ ಎರಡೂ ಒಬ್ಬನಲ್ಲೇ ಕೂಡಿದ್ದವು. 1884ರಲ್ಲಿ ವಿಷಮಶೀತ ಜ್ವರದಿಂದ ತೀರಿಕೊಂಡಾಗ ಅವನ ವಯಸ್ಸು 35.

ತೋಳಿಗೆ ಪಟ್ಟಿ ಸುತ್ತಿ ಗಾಳಿ ತುಂಬುವ ಪದ್ಧತಿಯನ್ನು ಇಟಲಿಯ ಟ್ಯೂರಿನ್ ನಗರದ ಶಿಪಿಯೋನೆ ರೀವಾ-ರೋಚಿ 1896ರಲ್ಲಿ ಪ್ರಕಟಿಸಿದ. ಸೈಕಲ್ಲಿನ ಒಳಟ್ಯೂಬಿನಿಂದ ಮಾಡಿದ ಅವನ ಪಟ್ಟಿ ಕೇವಲ ನಾಲ್ಕೈದು ಸೆಂಟಿಮೀಟರ್ ಅಗಲವಿದ್ದು, ಇರುವುದಕ್ಕಿಂತ ಹೆಚ್ಚಿನ ಒತ್ತಡವನ್ನೇ ತೋರಿಸುತ್ತಿತ್ತು. ಅಗಲವಾದ ಪಟ್ಟಿ ಬೇಕೆಂದು ಜರ್ಮನಿಯ ಫಾನ್ ರೆಕ್ಲಿಂಗ್‌ಹೌಸನ್ 1901ರಲ್ಲಿ ತೋರಿಸಿಕೊಟ್ಟ. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಸುತ್ತಿದರೆ ಹುಸಿಯಾದ ಏರು ಸಂಖ್ಯೆ ಬರುವುದು ಇಂದಿಗೂ ನಿಂತಿಲ್ಲ, ಮತ್ತು ಮೂರು ಮದ್ದಿಗೂ ಮಣಿಯುತ್ತಿಲ್ಲವೆಂದು ದೊಡ್ಡಾಸ್ಪತ್ರೆಗೆ ಕಳುಹಿಸಲ್ಪಡುವ ಸ್ಥೂಲಕಾಯರಲ್ಲಿ ಕೆಲವರ ನಿಜವಾದ ದೋಷ ರಕ್ತನಾಳದ್ದಲ್ಲ, ಪಟ್ಟಿಯದು. ರಷ್ಯಾದ ಸೇನಾ ವೈದ್ಯ ನಿಕೊಲಾಯ್ ಕೊರೊಟ್ಕೋವ್ 1905ರಲ್ಲಿ, ಮುನ್ನೂರು ಪದಗಳಿಗೂ ಕಡಿಮೆಯ ಒಂದು ಟಿಪ್ಪಣಿಯಲ್ಲಿ, ಪಟ್ಟಿಯ ಕೆಳಗೆ ಸ್ಟೆತೊಸ್ಕೋಪು ಇಟ್ಟು ಸದ್ದು ಕೇಳುವ ಕ್ರಮವನ್ನು ವಿವರಿಸಿದ ಮೇಲೆ ಮೇಲಿನ ಮತ್ತು ಕೆಳಗಿನ ಎರಡೂ ಒತ್ತಡಗಳು ದೊರೆತವು: ಹೃದಯ ಹಿಂಡಿಕೊಂಡಾಗಿನದು ಸಂಕೋಚನ ಒತ್ತಡ, ಸಡಿಲಗೊಂಡಾಗಿನದು ವ್ಯಾಕೋಚನ ಒತ್ತಡ. ಈ ಸಂಖ್ಯೆಗಳ ಬೆಲೆಯನ್ನು ವೈದ್ಯರಿಗಿಂತ ಮೊದಲು ಅರಿತವರು ಅಮೆರಿಕದ ಜೀವವಿಮಾ ಸಂಸ್ಥೆಯವರು. ಒತ್ತಡ ಹೆಚ್ಚಿದ್ದವರು ಬೇಗ ಸಾಯುತ್ತಾರೆಂಬುದು ಅವರ ಲೆಕ್ಕದ ಪುಸ್ತಕಗಳಲ್ಲಿ ಎದ್ದು ಕಾಣುತ್ತಿತ್ತು.

ವೈದ್ಯರಲ್ಲಿ ಹಲವರ ನಿಲುವು ಬೇರೆಯೇ ಆಗಿತ್ತು. ಗಡುಸಾದ ನಾಳಗಳಲ್ಲಿ ರಕ್ತವನ್ನು ದೂಡಲು ದೇಹವೇ ಒತ್ತಡವನ್ನು ಏರಿಸಿಕೊಂಡಿರುತ್ತದೆ, ಅದನ್ನು ಇಳಿಸಹೊರಟರೆ ಮಿದುಳಿಗೂ ಮೂತ್ರಪಿಂಡಕ್ಕೂ ರಕ್ತ ಸಾಲದೆ ಹೋಗುತ್ತದೆ ಎಂದು ನಂಬಿದವರಲ್ಲಿ ಅಮೆರಿಕದ ಪ್ರಸಿದ್ಧ ಹೃದಯತಜ್ಞ ಪಾಲ್ ಡಡ್ಲಿ ವೈಟ್ ಕೂಡ ಇದ್ದ. ಈ ನಂಬಿಕೆಯ ಬೆಲೆ ಎಷ್ಟೆಂಬುದಕ್ಕೆ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್‌ನ ದಾಖಲೆಗಿಂತ ಸ್ಪಷ್ಟವಾದ ಸಾಕ್ಷ್ಯ ಬೇಕಿಲ್ಲ. 1937ರಲ್ಲಿ 162/98 ಇದ್ದ ಅವನ ಒತ್ತಡ 1941ರಲ್ಲಿ 188/105ಕ್ಕೆ ಏರಿತ್ತು. 1944ರ ಮಾರ್ಚಿನಲ್ಲಿ ನೌಕಾದಳದ ಯುವ ಹೃದಯತಜ್ಞ ಹೋವರ್ಡ್ ಬ್ರೂಯೆನ್ ಪರೀಕ್ಷಿಸಿದಾಗ 186/108 ಇದ್ದು, ಹೃದಯ ದೊಡ್ಡದಾಗಿ ಸೋಲತೊಡಗಿತ್ತು. ಉಪ್ಪು ಕಡಿಮೆ ಮಾಡುವುದು, ವಿಶ್ರಾಂತಿ, ಹೃದಯಕ್ಕೆ ಬಲ ಕೊಡುವ ಡಿಜಿಟಾಲಿಸ್ ಇಷ್ಟರ ಹೊರತು ಆಗಿನ ಜಗತ್ತಿನ ಅತ್ಯಂತ ಬಲಾಢ್ಯ ಮನುಷ್ಯನಿಗೆ ಕೊಡಲು ವೈದ್ಯರ ಬಳಿ ಏನೂ ಇರಲಿಲ್ಲ. 1945ರ ಏಪ್ರಿಲ್ 12ರಂದು ಮಿದುಳಿನ ರಕ್ತಸ್ರಾವದಿಂದ ಅವನು ಕುಸಿದಾಗ ಪಾದರಸ 300ರ ಗೆರೆಯನ್ನು ದಾಟಿತ್ತು. ಇಂದಿನ ವ್ಯಾಖ್ಯೆಯ ಪ್ರಕಾರ ಅವನನ್ನು ಚಿಕಿತ್ಸೆಗೆ ಮಣಿಯದ ರೋಗಿ ಎನ್ನುವಂತಿಲ್ಲ. ಮಣಿಸಲು ಚಿಕಿತ್ಸೆಯೇ ಇರಲಿಲ್ಲ.

ಇದ್ದ ಒಂದೆರಡು ದಾರಿಗಳು ರೋಗಕ್ಕಿಂತ ಹೆಚ್ಚು ಸುಲಭವಾಗಿರಲಿಲ್ಲ. ಹಿಟ್ಲರನ ಜರ್ಮನಿಯಿಂದ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯಕ್ಕೆ ಬಂದ ವಾಲ್ಟರ್ ಕೆಂಪ್ನರ್ 1940ರ ದಶಕದಲ್ಲಿ ರೋಗಿಗಳಿಗೆ ಅನ್ನ, ಹಣ್ಣು, ಹಣ್ಣಿನ ರಸ, ಸಕ್ಕರೆ ಇಷ್ಟನ್ನೇ ಕೊಟ್ಟು ಉಪ್ಪನ್ನು ಬಹುತೇಕ ಪೂರ್ತಿಯಾಗಿ ನಿಲ್ಲಿಸಿದ. ಹಲವರ ಒತ್ತಡ ಇಳಿದದ್ದಷ್ಟೇ ಅಲ್ಲ, ಕಣ್ಣಿನ ಹಿಂಪಟದ ರಕ್ತಸ್ರಾವ ಮಾಯವಾಯಿತು, ಊದಿದ ಹೃದಯ ಕುಗ್ಗಿತು. ಆದರೆ ಉಪ್ಪಿಲ್ಲದ ಅನ್ನವನ್ನು ವ್ರತಕ್ಕೆಂದು ಒಂದು ದಿನ ಉಣ್ಣುವುದು ಬೇರೆ, ತಿಂಗಳುಗಟ್ಟಲೆ ಉಣ್ಣುವುದು ಬೇರೆ. ಬಾಸ್ಟನ್ನಿನ ಶಸ್ತ್ರವೈದ್ಯ ರೆಜಿನಾಲ್ಡ್ ಸ್ಮಿತ್‌ವಿಕ್ ಹಿಡಿದದ್ದು ಕತ್ತಿಯ ದಾರಿ. ನಾಳಗಳನ್ನು ಬಿಗಿಗೊಳಿಸುವ ಸಿಂಪಥೆಟಿಕ್ ನರಗಳನ್ನು ಬೆನ್ನಿನ ಎರಡೂ ಬದಿಯಿಂದ ಕತ್ತರಿಸಿ ತೆಗೆಯುವ ಈ ಶಸ್ತ್ರಚಿಕಿತ್ಸೆಗೆ ಒಳಗಾದ 1,266 ರೋಗಿಗಳ ವಿವರವನ್ನು ಅವನು 1953ರಲ್ಲಿ ಪ್ರಕಟಿಸಿದ. ಐದು ವರ್ಷಗಳಲ್ಲಿ ಸತ್ತವರು ಶೇಕಡ 19, ಶಸ್ತ್ರಚಿಕಿತ್ಸೆ ಇಲ್ಲದ ಗುಂಪಿನಲ್ಲಿ ಶೇಕಡ 54. ಬದುಕಿ ಉಳಿದವರಲ್ಲಿ ಹಲವರು ಎದ್ದು ನಿಂತರೆ ತಲೆ ತಿರುಗಿ ಬೀಳುತ್ತಿದ್ದರು. ಮೂತ್ರಪಿಂಡದ ಸುತ್ತಲಿನ ನರಗಳಿಗೆ ಒತ್ತಡದಲ್ಲಿ ಕೈವಾಡವಿದೆ ಎಂಬ ತಿಳಿವನ್ನು ಈ ಶಸ್ತ್ರಚಿಕಿತ್ಸೆ ಬಿಟ್ಟುಹೋಯಿತು, ಅರವತ್ತು ವರ್ಷಗಳ ಅನಂತರ ಅದು ಬೇರೆ ರೂಪದಲ್ಲಿ ಮರಳಿತು.

ಮೊದಲ ವ್ಯಾಪಕ ಮಾತ್ರೆಯ ಬೇರು ಭಾರತದ ಮಣ್ಣಿನಲ್ಲಿತ್ತು. ಪಶ್ಚಿಮ ಘಟ್ಟದ ಕಾಡಿನಿಂದ ಹಿಮಾಲಯದ ತಪ್ಪಲಿನವರೆಗೆ ಬೆಳೆಯುವ ಸರ್ಪಗಂಧದ ಬೇರನ್ನು ಉನ್ಮಾದಕ್ಕೂ ನಿದ್ರಾಹೀನತೆಗೂ ನಾಟಿವೈದ್ಯರು ಬಳಸುತ್ತ ಬಂದಿದ್ದರು. ಕಲ್ಕತ್ತದ ಗಣನಾಥ ಸೇನ್ ಮತ್ತು ಕಾರ್ತಿಕ್ ಚಂದ್ರ ಬೋಸ್ 1931ರಲ್ಲಿ ಈ ಬೇರು ಉನ್ಮಾದವನ್ನಷ್ಟೇ ಅಲ್ಲ, ಏರಿದ ರಕ್ತದೊತ್ತಡವನ್ನೂ ಇಳಿಸುತ್ತದೆಂದು ಬರೆದರು. ಅದೇ ವರ್ಷ ದೆಹಲಿಯ ತಿಬ್ಬಿಯಾ ಕಾಲೇಜಿನಲ್ಲಿ ಸಲೀಮುಜ್ಜಮಾನ್ ಸಿದ್ದೀಕಿ ಬೇರಿನಿಂದ ಸಾರಗಳನ್ನು ಬೇರ್ಪಡಿಸಿ, ಒಂದಕ್ಕೆ ಹಕೀಮ್ ಅಜ್ಮಲ್ ಖಾನರ ನೆನಪಿಗೆ ಅಜ್ಮಲೀನ್ ಎಂದು ಹೆಸರಿಟ್ಟರು. ದೇಶದೊಳಗೆ ಸರ್ಪಗಂಧದ ಮಾತ್ರೆಗಳು ಮಾರಾಟವಾಗುತ್ತಿದ್ದರೂ ಪಶ್ಚಿಮದ ವೈದ್ಯಲೋಕ ಸುಮಾರು ಎರಡು ದಶಕ ಇದಕ್ಕೆ ಕಿವಿಗೊಡಲಿಲ್ಲ. ಮುಂಬಯಿಯ ಹೃದಯತಜ್ಞ ರುಸ್ತುಮ್ ಜಾಲ್ ವಕೀಲ್ ತಮ್ಮ 50 ರೋಗಿಗಳ ಅನುಭವವನ್ನು 1949ರಲ್ಲಿ ಬ್ರಿಟಿಷ್ ಹಾರ್ಟ್ ಜರ್ನಲ್‌ನಲ್ಲಿ ಪ್ರಕಟಿಸಿದ ಮೇಲೆ ಚಿತ್ರ ಬದಲಾಯಿತು. 1952ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿಯ ರಸಾಯನಶಾಸ್ತ್ರಜ್ಞರು ಬೇರಿನಿಂದ ರೆಸರ್ಪಿನ್ ಎಂಬ ಮುಖ್ಯ ಸಾರವನ್ನು ಹೊರತೆಗೆದರು. ಮನಸ್ಸನ್ನು ಕುಗ್ಗಿಸುವ ಗುಣ ಅದಕ್ಕಿದೆಯೆಂಬ ಆತಂಕ ಮುಂದೆ ಹುಟ್ಟಿ ಬಳಕೆ ಕಡಿಮೆಯಾಯಿತು, ಅಷ್ಟರಲ್ಲಿ ಕಾಡಿನ ಗಿಡಗಳೂ ಕಡಿಮೆಯಾಗಿದ್ದವು.

ನಿರ್ಣಾಯಕ ತಿರುವು ಕ್ಲೋರೋಥಯಜೈಡ್‌ನದು. ಮರ್ಕ್ ಶಾರ್ಪ್ ಅಂಡ್ ಡೋಮ್ ಕಂಪನಿಯ ಕಾರ್ಲ್ ಬೆಯರ್ ಮತ್ತು ಸಂಗಡಿಗರು ರೂಪಿಸಿ 1958ರಲ್ಲಿ ಮಾರುಕಟ್ಟೆಗೆ ಬಂದ ಈ ಮೂತ್ರವರ್ಧಕ, ಕೆಂಪ್ನರ್‌ನ ಅನ್ನದ ಪಥ್ಯ ಸಾಧಿಸಿದ್ದರ ಒಂದಂಶವನ್ನು ದಿನಕ್ಕೊಂದೆರಡು ಮಾತ್ರೆಯಲ್ಲಿ ಸಾಧಿಸಿತು: ಉಪ್ಪನ್ನು ತಟ್ಟೆಯಿಂದ ತೆಗೆಯುವ ಬದಲು ದೇಹದಿಂದ ತೆಗೆಯಿತು. ಈಗ ಮೂತ್ರವರ್ಧಕ, ರೆಸರ್ಪಿನ್, ನಾಳವನ್ನು ಸಡಿಲಗೊಳಿಸುವ ಹೈಡ್ರಲಜೀನ್ ಎಂದು ಮೂರು ಬಗೆಯ ಮದ್ದು ವೈದ್ಯರ ಕೈಯಲ್ಲಿತ್ತು. ಮೂರನ್ನೂ ಕೂಡಿಸಿ ಕೊಟ್ಟರೆ ಪ್ರಯೋಜನವಿದೆಯೇ ಎಂಬುದನ್ನು ಎಡ್ವರ್ಡ್ ಫ್ರೀಸ್‌ನ ನೇತೃತ್ವದಲ್ಲಿ ಅಮೆರಿಕದ ನಿವೃತ್ತ ಸೈನಿಕರ ಆಸ್ಪತ್ರೆಗಳು ಪರೀಕ್ಷಿಸಿದವು. ವ್ಯಾಕೋಚನ ಒತ್ತಡ 115ರಿಂದ 129ರವರೆಗಿದ್ದ 143 ಪುರುಷರಲ್ಲಿ ಅರ್ಧದಷ್ಟು ಮಂದಿಗೆ ಮದ್ದು, ಉಳಿದವರಿಗೆ ಮದ್ದಿನಂತೆ ಕಾಣುವ ಹುಸಿಮಾತ್ರೆ; ಗಂಭೀರ ತೊಂದರೆಗಳು ಹುಸಿಮಾತ್ರೆಯವರಲ್ಲಿ 27 ಮಂದಿಗೆ ಬಂದರೆ ಮದ್ದಿನವರಲ್ಲಿ ಬಂದದ್ದು ಇಬ್ಬರಿಗೆ. 1967ರಲ್ಲಿ ಈ ಫಲಿತಾಂಶ ಹೊರಬಿದ್ದ ಮೇಲೆ, ಒತ್ತಡ ಇಳಿಸಬಾರದೆಂಬ ವಾದಕ್ಕೆ ನೆಲೆಯಿಲ್ಲದಾಯಿತು. ಈ ಪ್ರಯೋಗದ ಒಂದು ಚಿಕ್ಕ ಸಂಗತಿ ಗಮನಾರ್ಹ: ಮಾತ್ರೆಗಳನ್ನು ತಪ್ಪದೆ ನುಂಗುವವರನ್ನು ಮಾತ್ರ ಆಯ್ದುಕೊಳ್ಳಲು ಆರಂಭದಲ್ಲಿಯೇ ಒಂದು ಪರೀಕ್ಷಾವಧಿ ಇಡಲಾಗಿತ್ತು. ಹೊರಗಿನ ಲೋಕದಲ್ಲಿ ಅಂಥ ಆಯ್ಕೆ ಇರುವುದಿಲ್ಲ.

ಇಳಿಸಬೇಕೆಂದು ತೀರ್ಮಾನವಾದ ಮೇಲೆಯೇ ಇಳಿಯದವರು ಕಣ್ಣಿಗೆ ಬಿದ್ದರು. 1960ರ ದಶಕದಿಂದಾಚೆಗೆ ಹೃದಯದ ವೇಗವನ್ನು ತಗ್ಗಿಸುವ ಪ್ರೊಪ್ರನಲಾಲ್, ಬ್ರೆಜಿಲ್‌ನ ಜರರಾಕ ಎಂಬ ಮಂಡಲದ ಜಾತಿಯ ಹಾವಿನ ವಿಷದ ಅಧ್ಯಯನದಿಂದ ಹೊಳೆದು 1981ರಲ್ಲಿ ಬಳಕೆಗೆ ಬಂದ ಕ್ಯಾಪ್ಟೊಪ್ರಿಲ್, ಮುಂದೆ ಆಮ್ಲೋಡಿಪಿನ್, ಲೊಸಾರ್ಟಾನ್ ಹೀಗೆ ಮದ್ದಿನ ಸಾಲು ಬೆಳೆಯುತ್ತ ಹೋಯಿತು, ಮತ್ತು ಸಾಲು ಬೆಳೆದಷ್ಟೂ ಯಾವುದಕ್ಕೂ ಬಗ್ಗದವರ ಗುಂಪು ಸ್ಪಷ್ಟವಾಗುತ್ತ ಬಂತು. ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನ ರೇ ಗಿಫರ್ಡ್ 1978ರಲ್ಲಿಯೇ ಇಂಥವರ ರೋಗನಿರ್ಣಯ ಕುರಿತು ಬರೆದ. ಮೂತ್ರವರ್ಧಕವೂ ಸೇರಿದ ಮೂರು ಮದ್ದು ಎಂಬ ಮಾನದಂಡ ಅಮೆರಿಕದ ರಾಷ್ಟ್ರೀಯ ಸಮಿತಿಯ 2003ರ ವರದಿಯಲ್ಲಿ ಖಚಿತ ರೂಪ ಪಡೆಯಿತು, ನಾಲ್ಕು ಮದ್ದಿನಿಂದ ಹತೋಟಿಗೆ ಬಂದವರನ್ನೂ ಸೇರಿಸಿದ್ದು ಅಮೆರಿಕನ್ ಹಾರ್ಟ್ ಅಸೋಸಿಯೇಷನ್ನಿನ 2008ರ ಹೇಳಿಕೆ. ಮೂರು ಎಂಬ ಸಂಖ್ಯೆಯಲ್ಲಿ ಶರೀರಶಾಸ್ತ್ರದ ಗುಟ್ಟೇನೂ ಇಲ್ಲ. ಇನ್ನಷ್ಟು ಹುಡುಕಬೇಕಾದ ರೋಗಿಯನ್ನು ಗುರುತಿಸಲು ವೈದ್ಯರು ತಮಗೆ ತಾವೇ ಎಳೆದುಕೊಂಡ ಗೆರೆ ಅದು, ಆ ಹೇಳಿಕೆಯೂ ಅದನ್ನು ಮುಚ್ಚಿಡುವುದಿಲ್ಲ.

ಗೆರೆ ಎಳೆದಾದ ಮೇಲೆ ಎಣಿಕೆ ಆರಂಭವಾಯಿತು. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಮೀಕ್ಷೆಯ 2003ರಿಂದ 2008ರವರೆಗಿನ ಅಂಕಿಗಳ ಪ್ರಕಾರ ಅಧಿಕ ರಕ್ತದೊತ್ತಡವಿರುವ ವಯಸ್ಕರಲ್ಲಿ ಶೇಕಡ 8.9ರಷ್ಟು, ಮದ್ದು ತೆಗೆದುಕೊಳ್ಳುತ್ತಿರುವವರಲ್ಲಿ ಶೇಕಡ 12.8ರಷ್ಟು ಮಂದಿ ಈ ಗುಂಪಿನವರು. ಹೊಸದಾಗಿ ಚಿಕಿತ್ಸೆ ಆರಂಭಿಸಿದ ಎರಡು ಲಕ್ಷಕ್ಕೂ ಹೆಚ್ಚು ಜನರನ್ನು ಹಿಂಬಾಲಿಸಿ 2012ರಲ್ಲಿ ಪ್ರಕಟವಾದ ಇನ್ನೊಂದು ಅಮೆರಿಕನ್ ಅಧ್ಯಯನದಲ್ಲಿ ಸುಮಾರು ಒಂದೂವರೆ ವರ್ಷದೊಳಗೆ ಈ ಸ್ಥಿತಿಗೆ ಬಂದವರು ಶೇಕಡ 1.9 ಮಾತ್ರ, ಆದರೆ ಹಾಗೆ ಬಂದವರಿಗೆ ಹೃದಯಾಘಾತ, ಪಾರ್ಶ್ವವಾಯು, ದೀರ್ಘಕಾಲದ ಮೂತ್ರಪಿಂಡ ರೋಗ, ಸಾವು ಇವುಗಳ ಒಟ್ಟು ಅಪಾಯ ಉಳಿದವರಿಗಿಂತ ಶೇಕಡ 47ರಷ್ಟು ಹೆಚ್ಚಿತ್ತು. ಎರಡು ಅಂಕಿಗಳು ಒಂದನ್ನೊಂದು ಸುಳ್ಳಾಗಿಸುವುದಿಲ್ಲ, ಏಕೆಂದರೆ ಮೊದಲನೆಯದು ವರ್ಷಗಟ್ಟಲೆ ಕೂಡಿಬಂದ ರೋಗಿಗಳನ್ನು ಒಂದೇ ದಿನ ನಿಂತು ಎಣಿಸಿದ್ದು, ಎರಡನೆಯದು ಹೊಸಬರು ಹೇಗೆ ಬಂದು ಸೇರುತ್ತಾರೆಂಬುದನ್ನು ಎಣಿಸಿದ್ದು. ವಿವಿಧ ದೇಶಗಳ 91 ಅಧ್ಯಯನಗಳ ಮೂವತ್ತೆರಡು ಲಕ್ಷ ರೋಗಿಗಳ ವಿವರವನ್ನು ಒಗ್ಗೂಡಿಸಿ 2019ರಲ್ಲಿ ಪ್ರಕಟವಾದ ಲೆಕ್ಕದಲ್ಲಿ, ಮೇಲ್ನೋಟಕ್ಕೆ ಮಣಿಯದವರು ಶೇಕಡ 14.7, ನಿಜವಾಗಿ ಮಣಿಯದವರು ಶೇಕಡ 10.3.

ಮೇಲ್ನೋಟಕ್ಕೂ ನಿಜಕ್ಕೂ ನಡುವಿನ ಅಂತರದಲ್ಲಿಯೇ ಈ ಕಾಯಿಲೆಯ ಅರ್ಧ ಇತಿಹಾಸ ಅಡಗಿದೆ. ವೈದ್ಯರ ಎದುರು ಒತ್ತಡ ಏರುತ್ತದೆಂಬುದನ್ನು ಮಿಲಾನಿನ ಜುಸೆಪ್ಪೆ ಮಾಂಚಿಯಾ 1983ರಲ್ಲಿ ಸಂದೇಹಕ್ಕೆ ಎಡೆಯಿಲ್ಲದಂತೆ ತೋರಿಸಿದ್ದ. ಆಸ್ಪತ್ರೆಯಲ್ಲಿ ಮಲಗಿದ್ದ 48 ಜನರ ಅಪಧಮನಿಯೊಳಗೇ ಅಳತೆಯ ನಳಿಗೆ ಇರಿಸಿ ನೋಡಿದಾಗ, ವೈದ್ಯ ಹಾಸಿಗೆಯ ಬಳಿ ಬಂದ ಕೆಲವೇ ನಿಮಿಷಗಳಲ್ಲಿ ಸಂಕೋಚನ ಒತ್ತಡ ಸರಾಸರಿ ಪಾದರಸದ 27 ಮಿಲಿಮೀಟರಿನಷ್ಟು ಜಿಗಿದಿತ್ತು. ಇದಕ್ಕೆ ಬಿಳಿ ಕೋಟಿನ ಪರಿಣಾಮವೆಂದು ಹೆಸರು. ಸ್ಪೇನಿನಲ್ಲಿ ಚಿಕಿತ್ಸೆಯಲ್ಲಿದ್ದ 68,045 ರೋಗಿಗಳಲ್ಲಿ ಚಿಕಿತ್ಸಾಲಯದ ಅಳತೆಯ ಪ್ರಕಾರ ಮಣಿಯದವರು 8,295, ಅಂದರೆ ಶೇಕಡ 12.2, ಇವರ ತೋಳಿಗೆ ಪಟ್ಟಿ, ಸೊಂಟಕ್ಕೆ ಯಂತ್ರ ಕಟ್ಟಿ ಮನೆಗೆ ಕಳುಹಿಸಿ, ಹಗಲೂ ರಾತ್ರಿಯೂ ನಿಗದಿತ ನಿಮಿಷಗಳಿಗೊಮ್ಮೆ ತಾನೇ ಬಿಗಿದು ಅಳೆಯುವಂತೆ ಮಾಡಿದಾಗ, ಮೂವರಲ್ಲಿ ಒಬ್ಬರಿಗಿಂತಲೂ ಹೆಚ್ಚು ಮಂದಿಯ ಒತ್ತಡ ಮನೆಯಲ್ಲಿ ಸರಿಯಾಗಿಯೇ ಇತ್ತು. ಇನ್ನೊಂದು ಅಂತರ ಮಾತ್ರೆ ಡಬ್ಬಿಯದು. ರೋಗಿಯ ಮೂತ್ರದಲ್ಲಿ ಮದ್ದಿನ ಅಂಶವಿದೆಯೇ ಎಂದು ಪರೀಕ್ಷಿಸುವ ಪದ್ಧತಿ ಈ ಶತಮಾನದ ಎರಡನೆಯ ದಶಕದಲ್ಲಿ ಜರ್ಮನಿ, ಬ್ರಿಟನ್‌ಗಳಲ್ಲಿ ಬಳಕೆಗೆ ಬಂದಾಗ, ಮಣಿಯದವರೆಂದು ಕಳುಹಿಸಲ್ಪಟ್ಟವರಲ್ಲಿ ಕಾಲುಭಾಗದಿಂದ ಅರ್ಧದವರೆಗೆ ಬರೆದುಕೊಟ್ಟ ಮದ್ದನ್ನು ಪೂರ್ತಿಯಾಗಿ ತೆಗೆದುಕೊಳ್ಳುತ್ತಿರಲಿಲ್ಲವೆಂದು ಗೊತ್ತಾಯಿತು. ಇದನ್ನು ರೋಗಿಯ ಮೈಗಳ್ಳತನವೆಂದು ತಳ್ಳಿಹಾಕುವುದು ಸುಲಭ. ಆದರೆ ಏನೂ ನೋವಿಲ್ಲದ ಕಾಯಿಲೆಗೆ ಜೀವಮಾನವಿಡೀ ದಿನಕ್ಕೆ ನಾಲ್ಕು ಮಾತ್ರೆ ಕೊಂಡು ನುಂಗುವ ಖರ್ಚು, ಅವುಗಳಿಂದ ಬರುವ ಕಾಲೂತ, ಕೆಮ್ಮು, ಆಯಾಸ ಇವನ್ನು ಲೆಕ್ಕಕ್ಕೆ ತೆಗೆದುಕೊಂಡವರಿಗೆ, ಬಿಟ್ಟವರಿಗಿಂತ ಬಿಡದವರ ಬಗ್ಗೆಯೇ ಹೆಚ್ಚು ಆಶ್ಚರ್ಯವಾಗುತ್ತದೆ.

ಅಳತೆಯ ದೋಷವನ್ನೂ ಬಿಟ್ಟ ಮಾತ್ರೆಯನ್ನೂ ಕಳೆದ ಮೇಲೆ ಉಳಿಯುವವರು ಯಾರು ಎಂಬುದು ಅಪಾಯಕಾರಿ ಅಂಶಗಳ ಪ್ರಶ್ನೆ. ಮೂವತ್ತಮೂರು ಸಾವಿರಕ್ಕೂ ಹೆಚ್ಚು ಜನರನ್ನು ಒಳಗೊಂಡು 2002ರಲ್ಲಿ ಮುಗಿದ ಆಲ್‌ಹ್ಯಾಟ್ ಎಂಬ ಅಮೆರಿಕನ್ ಪ್ರಯೋಗ ಇಲ್ಲಿ ಬಹಳ ಉಪಯುಕ್ತ: ಮದ್ದನ್ನು ಉಚಿತವಾಗಿ ಕೊಟ್ಟು, ಗುರಿ ಮುಟ್ಟುವವರೆಗೆ ಏರಿಸುತ್ತ ಹೋಗಲು ವೈದ್ಯರಿಗೆ ಸೂಚಿಸಿದ್ದರೂ, ಐದು ವರ್ಷದ ಕೊನೆಗೆ ಮೂರನೆಯ ಒಂದು ಭಾಗದಷ್ಟು ಜನರ ಒತ್ತಡ ಹತೋಟಿಗೆ ಬಂದಿರಲಿಲ್ಲ. ವಯಸ್ಸು, ಆರಂಭದಲ್ಲಿಯೇ ಏರಿದ್ದ ಸಂಕೋಚನ ಒತ್ತಡ, ಬೊಜ್ಜು, ಮಧುಮೇಹ, ದಪ್ಪಗಟ್ಟಿದ ಹೃದಯದ ಗೋಡೆ, ಮತ್ತು ಎಲ್ಲಕ್ಕಿಂತ ಮಿಗಿಲಾಗಿ ಮೂತ್ರಪಿಂಡದ ದೌರ್ಬಲ್ಯ ಇವು ಹತೋಟಿ ತಪ್ಪಿದವರ ಲಕ್ಷಣಗಳಾಗಿದ್ದವು. 2019ರ ಒಟ್ಟು ಲೆಕ್ಕವೂ ಇದನ್ನೇ ಹೇಳುತ್ತದೆ. ದೀರ್ಘಕಾಲದ ಮೂತ್ರಪಿಂಡ ರೋಗವಿರುವವರಲ್ಲಿ ಮಣಿಯದ ಒತ್ತಡ ಶೇಕಡ 22.9, ಮೂತ್ರಪಿಂಡ ಕಸಿಯಾದವರಲ್ಲಿ ಶೇಕಡ 56. ಗೈಸ್ ಆಸ್ಪತ್ರೆಯ ಶವಪರೀಕ್ಷೆಯ ಮೇಜಿನ ಮೇಲೆ ಬ್ರೈಟ್ ಕಂಡದ್ದೂ ಇದೇ ನಂಟು. ಕಪ್ಪುಜನಾಂಗದವರು, ಅಮೆರಿಕದ ಆಗ್ನೇಯ ಭಾಗದವರು ಎಂಬ ಅಂಶಗಳೂ ಆ ದೇಶದ ಪಟ್ಟಿಯಲ್ಲಿವೆ. ಆದರೆ ಬಡತನ, ವೈದ್ಯರ ಅಭಾವ, ಅಗ್ಗದ ಉಪ್ಪುಭರಿತ ಆಹಾರ ಇವೆಲ್ಲ ಒಟ್ಟಿಗೆ ನೆಲೆಸಿರುವ ಕಡೆ ಬಣ್ಣವನ್ನು ಮಾತ್ರ ಕಾರಣವಾಗಿ ಹೆಸರಿಸುವುದು ಅರೆಸತ್ಯ.

ಉಪ್ಪಿನ ಪಾತ್ರವನ್ನು ಅಲಬಾಮಾದ ಬರ್ಮಿಂಗ್‌ಹ್ಯಾಮಿನ ಒಂದು ಚಿಕ್ಕ ಪ್ರಯೋಗ ಬಿಚ್ಚಿ ತೋರಿಸಿತು. ಸರಾಸರಿ ಮೂರಕ್ಕೂ ಹೆಚ್ಚು ಮದ್ದು ನುಂಗುತ್ತಿದ್ದ 12 ರೋಗಿಗಳಿಗೆ ಒಂದು ವಾರ ಹೆಚ್ಚು ಉಪ್ಪಿನ ಊಟ, ಇನ್ನೊಂದು ವಾರ ದಿನಕ್ಕೆ ಸುಮಾರು ಮೂರು ಗ್ರಾಂ ಉಪ್ಪಷ್ಟೇ ಇರುವ ಊಟ ಕೊಟ್ಟಾಗ ಎರಡರ ನಡುವೆ ಸಂಕೋಚನ ಒತ್ತಡದಲ್ಲಿ 22.7, ವ್ಯಾಕೋಚನ ಒತ್ತಡದಲ್ಲಿ 9.1 ಮಿಲಿಮೀಟರಿನಷ್ಟು ವ್ಯತ್ಯಾಸ ಬಂತು. ಒಂದೇ ಮಾತ್ರೆಯಿಂದ ಇಷ್ಟು ಇಳಿಯುವುದು ಅಪರೂಪ. ಇದೇ ಊರಿನ ಡೇವಿಡ್ ಕ್ಯಾಲ್ಹೂನ್ 2002ರಲ್ಲಿ 88 ಮಣಿಯದ ರೋಗಿಗಳನ್ನು ಪರೀಕ್ಷಿಸಿ, ಐವರಲ್ಲಿ ಒಬ್ಬರಿಗೆ ಆಲ್ಡೊಸ್ಟೆರಾನ್ ಅತಿಯಾಗಿ ಸ್ರವಿಸುತ್ತಿರುವುದನ್ನು ಕಂಡಿದ್ದ. ಮೂತ್ರಪಿಂಡದ ತಲೆಯ ಮೇಲೆ ಕುಳಿತಿರುವ ಅಡ್ರಿನಲ್ ಗ್ರಂಥಿಯಿಂದ ಬರುವ ಈ ಹಾರ್ಮೋನು, ಉಪ್ಪನ್ನು ಹೊರಹೋಗಲು ಬಿಡದೆ ಹಿಡಿದಿಟ್ಟು ಪೊಟ್ಯಾಸಿಯಮ್ಮನ್ನು ಹೊರಹಾಕಿಸುತ್ತದೆ. ಇದರ ಅತಿಸ್ರಾವದಿಂದಲೇ ಒತ್ತಡ ಏರುವ ರೋಗವನ್ನು ಮಿಷಿಗನ್ ವಿಶ್ವವಿದ್ಯಾಲಯದ ಜೆರೋಮ್ ಕಾನ್ 1955ರಲ್ಲಿ ವರ್ಣಿಸಿದಾಗ, ಹಾರ್ಮೋನು ಪತ್ತೆಯಾಗಿ ಎರಡು ವರ್ಷವಷ್ಟೇ ಆಗಿತ್ತು. ಈ ರೋಗ ತಾನು ತೋರಿಸಿದ್ದಕ್ಕಿಂತ ಬಹಳ ವ್ಯಾಪಕವೆಂದು ಕಾನ್ ಮುಂದೆ ವಾದಿಸಿದರೂ, ಅದನ್ನು ಅಪರೂಪದ ಕುತೂಹಲವೆಂದು ಪಕ್ಕಕ್ಕಿಟ್ಟ ವೈದ್ಯಲೋಕ ಅರ್ಧ ಶತಮಾನದ ಅನಂತರ ಅವನ ಮಾತಿಗೆ ಮರಳಬೇಕಾಯಿತು.

ನಿದ್ರೆಯೂ ಆರೋಪಿಗಳ ಸಾಲಿಗೆ ಸೇರಿತು. ಗಂಟಲಿನ ಮಾಂಸ ಸಡಿಲಗೊಂಡು ರಾತ್ರಿಯಲ್ಲಿ ಮತ್ತೆ ಮತ್ತೆ ಉಸಿರು ನಿಲ್ಲುವ, ಮನೆಯವರ ಪಾಲಿಗೆ ಬರಿಯ ಗೊರಕೆಯಾಗಿರುವ ಸ್ಥಿತಿ ಟೊರಾಂಟೊದ 2001ರ ಅಧ್ಯಯನದಲ್ಲಿ 41 ಮಣಿಯದ ರೋಗಿಗಳಲ್ಲಿ ಶೇಕಡ 83ರಷ್ಟು, ಸಾವೊ ಪೌಲೊದ 2011ರ ಅಧ್ಯಯನದಲ್ಲಿ 125 ರೋಗಿಗಳಲ್ಲಿ ಶೇಕಡ 64ರಷ್ಟು ಮಂದಿಗೆ ಇತ್ತು. ಒತ್ತಡದ ಮದ್ದಿಗೆ ಎದುರಾಗಿ ಕೆಲಸ ಮಾಡುವ ಇತರ ಮದ್ದುಗಳೂ ಇವೆ: ಮಂಡಿನೋವಿಗೆಂದು ಅಂಗಡಿಯಿಂದ ತಾವೇ ತಂದು ನುಂಗುವ ಡೈಕ್ಲೊಫಿನಾಕ್‌ನಂಥ ನೋವಿನ ಮಾತ್ರೆ, ನೆಗಡಿಗೆ ಮೂಗು ಬಿಡಿಸುವ ಮಾತ್ರೆ, ಗರ್ಭನಿರೋಧಕ, ಸ್ಟೆರಾಯ್ಡು. ಕೆಮ್ಮಿಗೆ ಕಷಾಯವಾಗಿ ಬಳಸುವ ಜ್ಯೇಷ್ಠಮಧು ಕೂಡ ದಿನವೂ ಹೆಚ್ಚಾಗಿ ಸೇವಿಸಿದರೆ ಆಲ್ಡೊಸ್ಟೆರಾನ್ ಅತಿಯಾದಂಥದೇ ಸ್ಥಿತಿಯನ್ನು ತಂದೊಡ್ಡುತ್ತದೆ ಎಂಬುದನ್ನು ಬಲ್ಲವರು ಕಡಿಮೆ.

ಉಪ್ಪು ಮತ್ತು ಆಲ್ಡೊಸ್ಟೆರಾನ್‌ಗಳ ಕಡೆ ಬೊಟ್ಟು ಮಾಡಿದ ಈ ಸುಳಿವುಗಳಿಗೆ ಬ್ರಿಟನ್ನಿನ ಪಾತ್‌ವೇ-2 ಪ್ರಯೋಗ 2015ರಲ್ಲಿ ಉತ್ತರ ಕೊಟ್ಟಿತು. ಮೂರು ಮದ್ದಿಗೆ ಮಣಿಯದ ಮುನ್ನೂರಕ್ಕೂ ಹೆಚ್ಚು ರೋಗಿಗಳಿಗೆ ನಾಲ್ಕನೆಯ ಮದ್ದಾಗಿ ಬಿಸೊಪ್ರೊಲಾಲ್, ಡಾಕ್ಸಜೋಸಿನ್, ಸ್ಪಿರೊನೊಲ್ಯಾಕ್ಟೋನ್, ಹುಸಿಮಾತ್ರೆ ಇವನ್ನು ಸರದಿಯಂತೆ ಹನ್ನೆರಡು ವಾರಗಳ ಕಾಲ ಕೊಟ್ಟು ನೋಡಿದಾಗ, ಆಲ್ಡೊಸ್ಟೆರಾನ್‌ನ ಕೆಲಸವನ್ನು ತಡೆಯುವ ಸ್ಪಿರೊನೊಲ್ಯಾಕ್ಟೋನ್ ಉಳಿದೆಲ್ಲವನ್ನೂ ಹಿಂದಿಕ್ಕಿತು. 1950ರ ದಶಕದ ಕೊನೆಯಿಂದ ಔಷಧದಂಗಡಿಯ ಕಪಾಟಿನಲ್ಲಿದ್ದ ಅಗ್ಗದ ಮಾತ್ರೆ ಇದು. ಅದರ ಪೇಟೆಂಟ್ ಎಂದೋ ಮುಗಿದಿದ್ದರಿಂದ ದೊಡ್ಡ ಪ್ರಯೋಗಕ್ಕೆ ಹಣ ಹೂಡುವ ಆಸಕ್ತಿ ಯಾವ ಕಂಪನಿಗೂ ಇರಲಿಲ್ಲ. ಹಣ ಹರಿದದ್ದು ಬೇರೆ ಕಡೆ. ಸ್ಮಿತ್‌ವಿಕ್ ಕತ್ತಿಯಿಂದ ಮಾಡಿದ್ದನ್ನು ತೊಡೆಯ ಮೂಲಕ ತೂರಿಸಿದ ತಂತಿಯಿಂದ ಮಾಡುವ, ಅಂದರೆ ಮೂತ್ರಪಿಂಡದ ಅಪಧಮನಿಯ ಗೋಡೆಯಲ್ಲಿರುವ ನರಗಳನ್ನು ಒಳಗಿನಿಂದ ಸುಡುವ ವಿಧಾನವನ್ನು ಆಸ್ಟ್ರೇಲಿಯದ ಹೆನ್ರಿ ಕ್ರಮ್, ಮರೆ ಎಸ್ಲರ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದರು. ಮರುವರ್ಷದ ಪ್ರಯೋಗದಲ್ಲಿ ಸಂಕೋಚನ ಒತ್ತಡ 32 ಮಿಲಿಮೀಟರ್ ಇಳಿದಾಗ ಮಣಿಯದ ಒತ್ತಡದ ಕಥೆ ಮುಗಿಯಿತೆಂದೇ ಹಲವರು ಭಾವಿಸಿದರು. 2014ರಲ್ಲಿ 535 ರೋಗಿಗಳ ಪ್ರಯೋಗದಲ್ಲಿ ಕೆಲವರಿಗೆ ತಂತಿ ತೂರಿಸಿ ಸುಡದೆ ಬಿಟ್ಟ ಹುಸಿ ಚಿಕಿತ್ಸೆ ನಡೆಸಲಾಯಿತು. ಸುಟ್ಟವರಲ್ಲಿ 14, ಸುಡದವರಲ್ಲಿ 12 ಮಿಲಿಮೀಟರಿನಷ್ಟು ಇಳಿದು, ಉತ್ಸಾಹವೂ ಅಷ್ಟೇ ಇಳಿಯಿತು. ಗಮನಕ್ಕೊಳಗಾದ ರೋಗಿ ಮಾತ್ರೆಯನ್ನು ತಪ್ಪದೆ ನುಂಗತೊಡಗುತ್ತಾನೆ ಎಂಬುದು ಇದಕ್ಕೆ ಕೊಡಲಾದ ವಿವರಣೆಗಳಲ್ಲೊಂದು. ಸುಧಾರಿಸಿದ ಉಪಕರಣಗಳಿಗೆ ಅಮೆರಿಕದ ಔಷಧ ನಿಯಂತ್ರಕರು 2023ರ ನವೆಂಬರಿನಲ್ಲಿ ಒಪ್ಪಿಗೆ ಕೊಟ್ಟಿದ್ದಾರೆ.

ಈ ನಡುವೆ ಗುರಿಯೂ ಸರಿಯಿತು. ಅಮೆರಿಕದ 2017ರ ಮಾರ್ಗಸೂಚಿ 140/90ರ ಗುರಿಯನ್ನು 130/80ಕ್ಕೆ ಇಳಿಸಿದ್ದರಿಂದ, ಒಂದೇ ಸಮೀಕ್ಷೆಯ ಅದೇ ಜನರಲ್ಲಿ ಮೇಲ್ನೋಟಕ್ಕೆ ಮಣಿಯದವರ ಪ್ರಮಾಣ ಶೇಕಡ 17.7ರಿಂದ 19.7ಕ್ಕೆ ಏರಿತು, ಯಾರ ನಾಳದಲ್ಲೂ ಏನೂ ಬದಲಾಗಿರಲಿಲ್ಲ. ಭಾರತದ ಲೆಕ್ಕ ಇನ್ನೊಂದು ಬಗೆಯದು. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಹದಿನೈದು ವರ್ಷ ದಾಟಿದ ಹೆಂಗಸರಲ್ಲಿ ಶೇಕಡ 21.3, ಗಂಡಸರಲ್ಲಿ ಶೇಕಡ 24 ಮಂದಿಗೆ ಒತ್ತಡ ಹೆಚ್ಚಿದೆ ಅಥವಾ ಅದಕ್ಕೆ ಮದ್ದು ನಡೆಯುತ್ತಿದೆ, ಆದರೆ ಅವರಲ್ಲಿ ಬಹುಮಂದಿಗೆ ಮೂರನೆಯ ಮದ್ದಿರಲಿ, ಮೊದಲನೆಯದೇ ಸರಿಯಾಗಿ ದೊರೆತಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ 5 ಗ್ರಾಂ ಮೀರಬಾರದೆನ್ನುವ ಉಪ್ಪು ಸಾರು, ಪಲ್ಯ, ಉಪ್ಪಿನಕಾಯಿ, ಹಪ್ಪಳಗಳ ಮೂಲಕ ಅದರ ಸುಮಾರು ಎರಡರಷ್ಟು ಹೊಟ್ಟೆ ಸೇರುವ ದೇಶ ಇದು. ಮಧುಮೇಹ, ಬೊಜ್ಜು, ಮೂತ್ರಪಿಂಡದ ರೋಗ ಮೂರೂ ಇಲ್ಲಿ ಹೆಚ್ಚುತ್ತಿವೆ. ಆಮ್ಲೋಡಿಪಿನ್, ಟೆಲ್ಮಿಸಾರ್ಟಾನ್, ಕ್ಲೋರ್ಥಾಲಿಡೋನ್ ಮೂರನ್ನೂ ಪ್ರಾಥಮಿಕ ಆರೋಗ್ಯ ಕೇಂದ್ರದ ಮಟ್ಟದಲ್ಲಿ ಹಂತಹಂತವಾಗಿ ಕೊಡುವ ಸರಳ ಕ್ರಮವೊಂದು 2017ರಿಂದೀಚೆಗೆ ಭಾರತೀಯ ಅಧಿಕ ರಕ್ತದೊತ್ತಡ ನಿಯಂತ್ರಣ ಯೋಜನೆಯಡಿ ಜಿಲ್ಲೆಯಿಂದ ಜಿಲ್ಲೆಗೆ ವಿಸ್ತರಿಸುತ್ತಿದೆ. ಮೂರು ಮದ್ದುಗಳು ತಿಂಗಳು ತಪ್ಪದೆ ಕೈಗೆ ಸಿಗತೊಡಗಿದ ಜಿಲ್ಲೆಗಳಲ್ಲಿ, ಅಮೆರಿಕದಲ್ಲಿ 1960ರ ದಶಕದ ಅನಂತರ ಆದಂತೆಯೇ, ಮಣಿಯದವರ ಸಂಖ್ಯೆ ಇಳಿಯುವ ಬದಲು ಮೊದಲಿಗೆ ಏರಿಯೇ ಕಾಣುವ ಸಂಭವವಿದೆ.